ಎ.ಸಿ., ಫ್ರಿಜ್ ಕೆಲಸ ಕಲಿತರೆ ಕೈಗೆ ಎಷ್ಟು ಬರುತ್ತದೆ? ತಮ್ಮನ ವಿಷಯ, ಗೊತ್ತಿದ್ದವರು ಹೇಳಿ

ಬದಿಯಡ್ಕದ ಅಕ್ಕ · ಮೇ 11, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾವು ಕೇರಳದ ಕಾಸರಗೋಡು ಕಡೆಯವರು. ತಮ್ಮನ ಪ್ಲಸ್ ಟು ಮುಗಿಯಿತು, ಹದಿನೆಂಟು ತುಂಬಿತು. ಹತ್ತರವರೆಗೆ ಕನ್ನಡ ಮೀಡಿಯಂ. ಅಪ್ಪನಿಗೆ ಅವನನ್ನು ಬಿ.ಕಾಂ.ಗೆ ಸೇರಿಸುವ ಮನಸ್ಸು. ಅವನದ್ದು ಒಂದೇ ಹಟ, ಎ.ಸಿ. ಮೆಕ್ಯಾನಿಕ್ ಕೆಲಸ ಕಲಿಯಬೇಕು ಅಂತ. ಏಪ್ರಿಲಿನಲ್ಲಿ ಅತ್ತೆಯ ಮನೆಗೆ ಎ.ಸಿ. ಹಾಕಲು ಬಂದವರ ಜತೆ ಇಡೀ ದಿನ ಏಣಿ ಹಿಡಿದುಕೊಂಡು ನಿಂತಿದ್ದ. ಹೋಗುವಾಗ ಅವರು ಒಂದು ಗೇಣು ತಾಮ್ರದ ಪೈಪು ಕೊಟ್ಟಿದ್ದಾರೆ. ಅದು ಈಗಲೂ ಅವನ ಮೇಜಿನ ಮೇಲೆ ಉಂಟು.

ಸಂಪಾದನೆ ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಮಾತು. ನೆರೆಮನೆಯವರು 12 ಸಾವಿರ ಅನ್ನುತ್ತಾರೆ, ಪೇಟೆಯ ಅಂಗಡಿಯವರು 60 ಸಾವಿರ ಅನ್ನುತ್ತಾರೆ, ಗಲ್ಫಿನಲ್ಲಿರುವ ಭಾವ ಲಕ್ಷದ ಮಾತಾಡುತ್ತಾರೆ. ಅಪ್ಪನಿಗೆ ಉತ್ತರ ಹೇಳಬೇಕಾದವಳು ನಾನು. ಈ ಕೆಲಸ ಮಾಡುವವರೇ ಹೇಳಿದರೆ ಉಪಕಾರವಾಗುತ್ತಿತ್ತು.

ನಂತೂರು ಸರ್ವಿಸ್ · ಮೇ 11, ರಾತ್ರಿ 9.25

ಅಕ್ಕ, ಆ ಮೂರೂ ಸುಳ್ಳಲ್ಲ, ಮೂರು ಬೇರೆ ಬೇರೆ ಜನರ ಲೆಕ್ಕ ಅಷ್ಟೆ. ನಾನು ಹೊಸಂಗಡಿಯವ, ಮಂಗಳೂರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಕೆಲಸ. 2019ರಲ್ಲಿ ಐಟಿಐ ಮುಗಿಸಿ ಸೇರುವಾಗ ಕೈಗೆ 10,500. ಮರುವರ್ಷ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಆಚೆಗೆ ಹೋಗಲಿಕ್ಕಿಲ್ಲ, ಸಂಬಳವೂ ಇಲ್ಲ. ಅದನ್ನು ದಾಟಿಕೊಂಡು ಬಂದೆ. ಈಗ ಸಂಬಳ 19,000, ಪೆಟ್ರೋಲು ಬೇರೆ, ಅದರ ಮೇಲೆ ಕಾಲ್ ಲೆಕ್ಕದ ಇನ್ಸೆಂಟಿವ್. ಹೋದ ತಿಂಗಳು ಎಲ್ಲ ಸೇರಿ 31,000 ಬಂತು. ಕಳೆದ ಜುಲೈಯಲ್ಲಿ 20,400.

ಕಂಪೆನಿ ಕೆಲಸದಲ್ಲಿ ಸಂಬಳಕ್ಕಿಂತ ಹೆಚ್ಚಿನದ್ದು ಒಂದುಂಟು. ಎರಡು ವರ್ಷದ ಹಿಂದೆ ಪ್ಯಾರಪೆಟ್ಟಿನಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಇಎಸ್‌ಐ (ನೌಕರರ ಸರಕಾರಿ ವಿಮೆ) ಇದ್ದ ಕಾರಣ ಆಸ್ಪತ್ರೆ ಖರ್ಚು ನನ್ನ ತಲೆಗೆ ಬರಲಿಲ್ಲ, ಕುಳಿತ ದಿನಗಳಿಗೂ ಸ್ವಲ್ಪ ದುಡ್ಡು ಬಂತು. ನನ್ನ ಜತೆ ಕಲಿತವನೊಬ್ಬ ಸ್ವಂತ ಮಾಡುತ್ತಾನೆ, ಅವನಿಗೆ ಕಾಲು ಮುರಿದಾಗ ಹೆಂಡತಿಯ ಬಳೆ ಅಡವಿಗೆ ಹೋಯಿತು. ತಮ್ಮ ಎಲ್ಲಿಗೆ ಸೇರಿದರೂ ಪಿಎಫ್, ಇಎಸ್‌ಐ ಉಂಟಾ ಎಂದು ಮೊದಲು ಕೇಳಲಿ.

ಗೇಜ್ ಉಪ್ಪಳ · ಮೇ 11, ರಾತ್ರಿ 11.35

ಈಗಷ್ಟೇ ಮನೆಗೆ ಬಂದೆ. ನಿದ್ದೆ ಎಳೆಯುತ್ತಿದೆ, ಆದರೂ ಬರೆಯುತ್ತೇನೆ. ಹುಡುಗರು ಈ ಪ್ರಶ್ನೆ ಕೇಳಿದಾಗ ಯಾರೂ ಪೂರ್ತಿ ಲೆಕ್ಕ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ನಾನು ಈ ಕೆಲಸಕ್ಕೆ ಬಂದು 22 ವರ್ಷ. ಐದು ವರ್ಷ ಇನ್ನೊಬ್ಬರ ಹತ್ತಿರ, ಆಮೇಲೆ ಸ್ವಂತ. ಮಂಜೇಶ್ವರದಿಂದ ಕುಂಬಳೆಯವರೆಗೆ ಕೆಲಸ. ನಿನ್ನೆಯ ಒಂದು ದಿನ ಹೇಳುತ್ತೇನೆ. ಬೆಳಿಗ್ಗೆ ಏಳೂವರೆಗೆ ಹೊರಟು ನಾಲ್ಕು ವಾಟರ್ ಸರ್ವಿಸ್ (ಎ.ಸಿ.ಗೆ ನೀರು ಹೊಡೆದು ತೊಳೆಯುವುದು), ತಲಾ 700. ಒಂದು ಹೊಸ ಎ.ಸಿ. ಫಿಟ್ಟಿಂಗ್, 1,800. ಒಟ್ಟು 4,600. ಅದರಲ್ಲಿ ಹೆಲ್ಪರ್ ಹುಡುಗನಿಗೆ 900, ಪೆಟ್ರೋಲಿಗೆ 250, ಇಬ್ಬರ ಊಟ ಚಹಾಕ್ಕೆ 200. ಉಳಿದದ್ದು 3,250. ಇದನ್ನು 30ರಿಂದ ಗುಣಿಸಿದರೆ ಲಕ್ಷದ ಹತ್ತಿರ ಹೋಗುತ್ತದೆ. ಪೇಟೆಯ ಅಂಗಡಿಯವರು ಹೀಗೆ ಗುಣಿಸಿಯೇ ಹೇಳುವುದು.

ನಾನು ಡೈರಿ ಬರೆಯುತ್ತೇನೆ. ಕಳೆದ ಒಂದು ವರ್ಷ, ಎಲ್ಲ ಖರ್ಚು ಕಳೆದು ಮನೆಗೆ ತಂದದ್ದು: ಮಾರ್ಚ್, ಏಪ್ರಿಲ್, ಮೇ ಈ ಮೂರು ತಿಂಗಳಲ್ಲಿ 1,66,000. ಜೂನಿನಿಂದ ಸೆಪ್ಟೆಂಬರಿನವರೆಗೆ ನಾಲ್ಕು ತಿಂಗಳು ಸೇರಿ 61,000, ಅದರಲ್ಲಿ ಜುಲೈ ತಿಂಗಳೊಂದನ್ನೇ ನೋಡಿದರೆ ಬರೀ 11,000. ಉಳಿದ ಐದು ತಿಂಗಳಿಗೆ 1,41,000. ವರ್ಷಕ್ಕೆ 3,68,000. ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 30,600 ಚಿಲ್ಲರೆ. 22 ವರ್ಷದ ಕೈ, ಇಷ್ಟು ಗಿರಾಕಿ, ಆಗಿಯೂ ಇಷ್ಟೇ.

ಹಾಗಾಗಿ ಅಕ್ಕ, ತಿಂಗಳಿಗೆ ಎಷ್ಟು ಎಂದು ಕೇಳಬೇಡಿ, ವರ್ಷಕ್ಕೆ ಎಷ್ಟು ಎಂದು ಕೇಳಿ. ಅದರಲ್ಲೂ ಮಳೆಗಾಲದಲ್ಲಿ ಎಷ್ಟು ಎಂದು ಕೇಳಿ.

ಪೆರ್ಲದ ಅಪ್ರೆಂಟಿಸ್ · ಮೇ 12, ಬೆಳಿಗ್ಗೆ 6.50

ಉಪ್ಪಳದ ಅಣ್ಣ, ಇಷ್ಟು ಬಿಚ್ಚಿ ಹೇಳಿದವರನ್ನು ನಾನು ನೋಡಿದ್ದು ಇದೇ ಮೊದಲು. ನಾನು ಅಪ್ರೆಂಟಿಸ್, ಸ್ಟೈಪೆಂಡ್ 8,000. ರೂಮು, ಊಟ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯಿಂದ ತರಿಸಿಕೊಳ್ಳದೆ ನಡೆಯುತ್ತದೆ, ಅಷ್ಟೇ ಸಮಾಧಾನ. ಸ್ವಂತ ಮಾಡಲು ಟೂಲ್ಸಿಗೆ ಎಷ್ಟು ಬೇಕಾಗುತ್ತದೆ?

ಗೇಜ್ ಉಪ್ಪಳ · ಮೇ 12, ಬೆಳಿಗ್ಗೆ 7.10

ವ್ಯಾಕ್ಯೂಮ್ ಪಂಪು, ಗ್ಯಾಸಿನ ಒತ್ತಡ ನೋಡುವ ಗೇಜ್ ಮ್ಯಾನಿಫೋಲ್ಡ್, ಫ್ಲೇರಿಂಗ್ ಸೆಟ್ಟು, ಪೈಪು ಬೆಸೆಯುವ ಬ್ರೇಜಿಂಗ್ ಟಾರ್ಚು, ಕ್ಲ್ಯಾಂಪ್ ಮೀಟರ್, ಡ್ರಿಲ್ಲು, ಜೆಟ್ ಪಂಪು, ಗ್ಯಾಸ್ ತೂಗುವ ತಕ್ಕಡಿ, ನೈಟ್ರೋಜನ್ ಸಿಲಿಂಡರ್, ಏಣಿ. ನನಗೆ ಒಟ್ಟು 70,000 ಹತ್ತಿರ ಬಿತ್ತು, ಒಂದೇ ಸಲ ಅಲ್ಲ, ಮೂರು ವರ್ಷದಲ್ಲಿ. ಮುದ್ರಾ ಸಾಲದಲ್ಲಿ ಶಿಶು ಎಂದು 50,000ದವರೆಗೆ ಅಡವು ಇಲ್ಲದೆ ಕೊಡುತ್ತಾರೆ. ಬಡ್ಡಿಗೆ ಕೊಡುವವರ ಹತ್ತಿರ ಹೋಗಬೇಡ. ಎಲ್ಲಕ್ಕಿಂತ ಮೊದಲು ತಕ್ಕಡಿ ಮತ್ತು ವ್ಯಾಕ್ಯೂಮ್ ಪಂಪು ಒಳ್ಳೆಯದು ತೆಗೆದುಕೋ. ಅವೆರಡು ಇಲ್ಲದೆ ಅಂದಾಜಿನಲ್ಲಿ ಗ್ಯಾಸ್ ಹಾಕುವವನ ಹತ್ತಿರ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಮುಳ್ಳೇರಿಯ ಟೀಚರ್ · ಮೇ 12, ಮಧ್ಯಾಹ್ನ 1.15

ಗಿರಾಕಿಯ ಕಡೆಯಿಂದ ನಾನೂ ಒಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನಮ್ಮ ಮನೆಯ ಎ.ಸಿ.ಗೆ ಮೂರು ವರ್ಷ ಪ್ರತಿ ಮಾರ್ಚಿನಲ್ಲಿ ಒಬ್ಬರು ಬಂದು "ಗ್ಯಾಸ್ ಕಮ್ಮಿಯಾಗಿದೆ" ಎಂದು ತುಂಬಿಸಿದರು. ಪ್ರತಿ ಸಲ 2,800. ನಾಲ್ಕನೇ ವರ್ಷ ಬೇರೆಯವರನ್ನು ಕರೆದೆ. ಅವರು ಎ.ಸಿ.ಯ ಹೊರಗಿನ ಪೆಟ್ಟಿಗೆ, ಔಟ್‌ಡೋರಿನ ಹತ್ತಿರ ಸಾಬೂನಿನ ನೊರೆ ಹಚ್ಚಿದರು. ಪೈಪು ಸೇರುವ ಫ್ಲೇರ್ ನಟ್ಟಿನ ಹತ್ತಿರ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು, ಆಮೇಲೆ ಇಲ್ಲಿಯವರೆಗೆ ಗ್ಯಾಸಿನ ಸುದ್ದಿ ಇಲ್ಲ. ಎ.ಸಿ.ಯ ಗ್ಯಾಸ್ ಅಡುಗೆ ಗ್ಯಾಸಿನ ಹಾಗೆ ಉರಿದು ಖಾಲಿಯಾಗುವುದಲ್ಲ, ಲೀಕ್ ಇಲ್ಲದಿದ್ದರೆ ಕಮ್ಮಿಯಾಗುವುದೇ ಇಲ್ಲ ಎಂದು ಅವರೇ ಹೇಳಿದ್ದು. 8,400 ರೂಪಾಯಿ ಹೋದದ್ದಕ್ಕಿಂತ ನನಗೆ ಮನಸ್ಸಿಗೆ ನೋವಾದದ್ದು ಮೂರು ವರ್ಷ ಅವರಿಗೆ ಊಟ ಹಾಕಿ ಕಳಿಸಿದ್ದೆ ಎಂದು. ನಿಮ್ಮ ತಮ್ಮ ಕಲಿಯಲಿ, ಹಾಗೆ ಮಾಡುವುದು ಮಾತ್ರ ಬೇಡ.

ಗೇಜ್ ಉಪ್ಪಳ · ಮೇ 12, ರಾತ್ರಿ 10.50

ಟೀಚರ್, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮವರ ಹೆಸರು ಕೆಡುವುದು ಇಂಥದ್ದರಿಂದಲೇ. ಹಾಗೆ ಮಾಡಿದವರಿಗೆ ಮೂರು ವರ್ಷ 2,800 ಸಿಕ್ಕಿತು, ನಾಲ್ಕನೇ ವರ್ಷದಿಂದ ಏನೂ ಸಿಗುವುದಿಲ್ಲ. ನಿಮ್ಮ ಓಣಿಯ ಹತ್ತು ಮನೆಯ ಕೆಲಸವೂ ಹೋಯಿತು. ನನ್ನ ಡೈರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಒಬ್ಬರು ಇನ್ನೊಬ್ಬರಿಗೆ ಹೇಳಿ ಬಂದದ್ದು. ಜಾಹೀರಾತಿಗೆ ನಾನು ಒಂದು ರೂಪಾಯಿ ಖರ್ಚು ಮಾಡಿಲ್ಲ.

ನಮ್ಮ ಕಡಲ ತೀರದಲ್ಲಿ ಲೀಕ್ ಹೆಚ್ಚು ಎನ್ನುವುದೂ ನಿಜ. ಉಪ್ಪುಗಾಳಿಗೆ ಔಟ್‌ಡೋರಿನ ಕಾಯಿಲ್ ತಿಂದುಹೋಗುತ್ತದೆ. ಮೊಗ್ರಾಲಿನಲ್ಲಿ ಕಡಲಿಗೆ ಮುಖ ಮಾಡಿದ ಮನೆಯೊಂದರಲ್ಲಿ ಕಾಯಿಲಿನ ತೆಳ್ಳಗಿನ ಅಲ್ಯೂಮಿನಿಯಂ ಫಿನ್ನು ಬೆರಳಿನಲ್ಲಿ ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು, ಎ.ಸಿ. ಹಾಕಿ ನಾಲ್ಕೇ ವರ್ಷ. ಅಂಥ ಮನೆಯವರಿಗೆ ಔಟ್‌ಡೋರನ್ನು ಗಾಳಿಯ ಮರೆಗೆ ಇಡಿಸಿ, ಮೂರು ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಸಿ ಎಂದು ಮೊದಲೇ ಹೇಳುತ್ತೇನೆ. ತೊಳೆಯಲು ವರ್ಷದ ಕಾಂಟ್ರಾಕ್ಟು ನನಗೇ ಬರುತ್ತದೆ.

ದೋಹಾದಿಂದ ಕುಂಬಳೆ · ಮೇ 12, ರಾತ್ರಿ 11.30

ಭಾವ ಹೇಳಿದ ಲಕ್ಷದ ಬಗ್ಗೆ ನಾನು ಬರೆಯುತ್ತೇನೆ. ಕತಾರಿಗೆ ಬಂದು ಒಂಬತ್ತು ವರ್ಷ. ನನ್ನ ಬೇಸಿಕ್ 1,800 ರಿಯಾಲ್, ರೂಮು ಕಂಪೆನಿಯದ್ದು, ಊಟಕ್ಕೆ 300. ಓವರ್‌ಟೈಮ್ ಸಿಕ್ಕಿದ ತಿಂಗಳು 400 ಹತ್ತಿರ. ಊರಿಗೆ ಕಳಿಸುವುದು 1,400. ರಿಯಾಲಿಗೆ 24 ರೂಪಾಯಿ ಹಿಡಿದರೆ 33,600. ಉಪ್ಪಳದ ಅಣ್ಣನ 30,600ದ ಪಕ್ಕದಲ್ಲಿ ಇಟ್ಟು ನೋಡಿ. ವ್ಯತ್ಯಾಸ ಇರುವುದು ಎರಡು ಕಡೆ. ಇಲ್ಲಿ ಜುಲೈಯಲ್ಲೂ ಅಷ್ಟೇ ಬರುತ್ತದೆ. ಅಲ್ಲಿ ಸಂಜೆ ಮನೆಗೆ ಹೋಗಬಹುದು. ನನ್ನ ಮಗಳು ಮೊದಲ ಸಲ ನಡೆದದ್ದನ್ನು ನಾನು ನೋಡಿದ್ದು ಫೋನಿನಲ್ಲಿ.

ಹೊಸಬರಿಗೆ ಇಷ್ಟು ಸಿಗುವುದಿಲ್ಲ. ಕತಾರಿನಲ್ಲಿ 2021ರ ಮಾರ್ಚಿನಿಂದ ಕಾನೂನಿನ ಕನಿಷ್ಠ ಸಂಬಳ 1,000 ರಿಯಾಲ್, ಕಂಪೆನಿ ರೂಮು ಕೊಡದಿದ್ದರೆ ಮೇಲೆ 500, ಊಟ ಕೊಡದಿದ್ದರೆ 300. ಹೆಲ್ಪರ್ ಎಂದು ಬಂದವರು ಅಲ್ಲಿಂದಲೇ ಶುರುಮಾಡುವುದು. ಲಕ್ಷ ತೆಗೆಯುವವರು ಇದ್ದಾರೆ, ಆದರೆ ಅವರು ದೊಡ್ಡ ಚಿಲ್ಲರ್ ಪ್ಲಾಂಟು ನಡೆಸುವವರು, ಬಿಎಂಎಸ್ ಎಂದು ಕಂಪ್ಯೂಟರಿನಲ್ಲಿ ಇಡೀ ಕಟ್ಟಡದ ಎ.ಸಿ. ನೋಡಿಕೊಳ್ಳುವವರು, ಸೂಪರ್‌ವೈಸರುಗಳು. ಮಾಡಿನ ಮೇಲೆ ಸ್ಪ್ಲಿಟ್ ತೊಳೆಯುವವನಿಗೆ ಅಷ್ಟು ಇಲ್ಲ. ಬೇಸಗೆಯಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂದು ಇಲ್ಲಿ ನಿಯಮ ಉಂಟು. ಬಿಸಿಲು ಯಾವ ನಮೂನೆಯದ್ದು ಎನ್ನುವುದು ಅದರಿಂದಲೇ ಗೊತ್ತಾಗುತ್ತದೆ.

ಕೈ ಮುಗಿದು ಕೇಳುವ ವಿಷಯ ಇನ್ನೊಂದು. ನಾನು ಮೊದಲು ಬಂದದ್ದು ಲೈಸೆನ್ಸ್ ಇಲ್ಲದ ಒಬ್ಬ ಏಜೆಂಟನ ಮೂಲಕ. 90,000 ಕೊಟ್ಟೆ, ಅಮ್ಮನ ಸರ ಮಾರಿ. ಎ.ಸಿ. ಟೆಕ್ನಿಷಿಯನ್ ಎಂದು ಹೇಳಿದ್ದರು, ಬಂದು ನೋಡಿದರೆ ವೀಸಾದಲ್ಲಿ ಬರೆದದ್ದು ಕ್ಲೀನರ್. ಎರಡು ವರ್ಷ ಗಾಳಿ ಹೋಗುವ ಡಕ್ಟಿನೊಳಗೆ ತೆವಳಿಕೊಂಡು ಧೂಳು ತೆಗೆದೆ. ಗೇಜ್ ಮುಟ್ಟಲು ಬಿಡಲಿಲ್ಲ. ಸರಕಾರದ ಲೆಕ್ಕದಲ್ಲಿ ಏಜೆಂಟರು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ಮತ್ತು ಅದರ ಜಿಎಸ್‌ಟಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಕೇಂದ್ರ ಸರಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಏಜೆಂಟನ ಲೈಸೆನ್ಸ್ ನಂಬರು ಹಾಕಿ ನೋಡಬಹುದು. ವೀಸಾದಲ್ಲಿ ಉದ್ಯೋಗದ ಹೆಸರು ಏನು ಎಂದು ಓದಿಸಿ ಕೇಳಿ. ತಮ್ಮ ಹತ್ತು ಪಾಸಾದ ಕಾರಣ ಅವನಿಗೆ ಎಮಿಗ್ರೇಶನ್ ಕ್ಲಿಯರೆನ್ಸ್ (ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರಕಾರದ ಅನುಮತಿ) ಬೇಕಾಗುವುದಿಲ್ಲ, ಅಂಥವರನ್ನು ಯಾರೂ ತಡೆದು ಕೇಳುವುದಿಲ್ಲ. ಅದಕ್ಕೇ ಇನ್ನೂ ಹೆಚ್ಚು ಜಾಗ್ರತೆ ಬೇಕು. ಮೂರು ನಾಲ್ಕು ವರ್ಷ ಊರಲ್ಲಿ ಕೈ ಪಳಗಿಸಿ, ಸರ್ಟಿಫಿಕೇಟು ಹಿಡಿದುಕೊಂಡು ಬರಲಿ. ಬರಿಗೈಯಲ್ಲಿ ಬೇಡ.

ಓಹಾಯೋದಿಂದ ನೀರ್ಚಾಲು · ಮೇ 13, ಬೆಳಿಗ್ಗೆ 7.05

ಊರಿನ ಚರ್ಚೆ ಓದಿ ಇಲ್ಲಿಯದ್ದನ್ನೂ ಹೇಳುವ ಎಂದೆನಿಸಿತು. ಅಮೆರಿಕದಲ್ಲಿ ಈ ಕೆಲಸದವರ ಸಂಬಳವನ್ನು ಇಲ್ಲಿನ ಕಾರ್ಮಿಕ ಇಲಾಖೆಯೇ ಲೆಕ್ಕ ಹಾಕಿ ಪ್ರಕಟಿಸುತ್ತದೆ. 2024ರ ಮೇ ಲೆಕ್ಕದಲ್ಲಿ ನಟ್ಟನಡುವಿನ ವಾರ್ಷಿಕ ಸಂಬಳ 59,810 ಡಾಲರ್, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು. ಕೆಳಗಿನ ಹತ್ತು ಶೇಕಡಾ ಜನರಿಗೆ 39,130ಕ್ಕಿಂತ ಕಡಿಮೆ, ಮೇಲಿನ ಹತ್ತು ಶೇಕಡಾ ಜನರಿಗೆ 91,020ಕ್ಕಿಂತ ಹೆಚ್ಚು. ರೂಪಾಯಿಗೆ ತಿರುಗಿಸಿ ಬೆರಗಾಗಬೇಡಿ, ಮನೆ ಬಾಡಿಗೆ, ಇನ್ಶೂರೆನ್ಸ್ ಎಲ್ಲ ಡಾಲರಿನಲ್ಲೇ ಹೋಗುತ್ತದೆ. ಇಲ್ಲಿ ರೆಫ್ರಿಜರೆಂಟ್ ಗ್ಯಾಸ್ ಮುಟ್ಟಬೇಕಾದರೆ ಇಪಿಎ 608 ಎಂಬ ಪರೀಕ್ಷೆ ಪಾಸಾಗಿರಲೇಬೇಕು. ಪಾಸಾಗದವರಿಗೆ ಅಂಗಡಿಯಲ್ಲಿ ಗ್ಯಾಸ್ ಕೊಡುವುದೂ ಇಲ್ಲ.

ಉಪ್ಪಳದವರ ಮಳೆಗಾಲದ ಮಾತು ಓದಿ ಹೊಳೆದದ್ದು ಇದು. ಇಲ್ಲಿಯ ಟೆಕ್ನಿಷಿಯನ್‌ಗೆ ಎರಡು ಸೀಸನ್ನು. ಬೇಸಗೆಯಲ್ಲಿ ಎ.ಸಿ., ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಫರ್ನೇಸು. ಜನವರಿಯಲ್ಲಿ ಸೊನ್ನೆಯ ಕೆಳಗೆ ಹೋದಾಗ ನಮ್ಮ ಮನೆಯ ಫರ್ನೇಸು ಕೆಟ್ಟಿತ್ತು. ರಾತ್ರಿ ಒಂದು ಗಂಟೆಗೆ ಬಂದವರು ಆ ಹೊತ್ತಿಗೆ ಹಗಲಿನ ಎರಡು ಪಟ್ಟು ತೆಗೆದುಕೊಂಡರು, ನಾವು ಸಂತೋಷದಿಂದ ಕೊಟ್ಟೆವು. ಈಗ ಹೀಟ್ ಪಂಪ್ ಹೆಚ್ಚಾಗುತ್ತಿದೆ. ಅದು ಎ.ಸಿ.ಯೇ, ಒಂದು ವಾಲ್ವ್ ತಿರುಗಿಸಿದರೆ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಊರಿನ ಹುಡುಗರು ಈ ಕೆಲಸಕ್ಕೆ ನೇರ ಇಲ್ಲಿಗೆ ಬರುವುದು ಸುಲಭವಲ್ಲ, ಎಚ್-1ಬಿ ವೀಸಾ ಪದವಿ ಬೇಕಾದ ಕೆಲಸಗಳಿಗೆ. ಹಾಗಾಗಿ ಈ ಅಂಕಿ ತೋರಿಸಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಬದಿಯಡ್ಕದ ಅಕ್ಕ · ಮೇ 13, ರಾತ್ರಿ 8.15

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಜುಲೈಯ 11,000 ಕೇಳಿ ಅವರು ಹೆದರುತ್ತಾರೆ ಎಂದುಕೊಂಡಿದ್ದೆ. ಹೆದರಲಿಲ್ಲ. "ಇದು ತೋಟದ ಲೆಕ್ಕವೇ ಅಲ್ಲವಾ" ಎಂದರು. ನಮ್ಮದು ಅಡಿಕೆ. ದುಡ್ಡು ಬರುವುದು ಕೊಯ್ಲಾಗಿ ಒಣಗಿಸಿ ಸುಲಿದ ಮೇಲೆ. ಮಳೆಗಾಲದಲ್ಲಿ ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಕೂಲಿ ಎಂದು ಹೋಗುವುದೇ ಹೊರತು ಬರುವುದಿಲ್ಲ. ಕೊಳೆರೋಗ ಬಂದ ವರ್ಷ ಅದೂ ಇಲ್ಲ. ಹಾಗಾಗಿ ವರ್ಷದ ಲೆಕ್ಕ ಅವರಿಗೆ ಒಂದೇ ಮಾತಿಗೆ ಅರ್ಥವಾಯಿತು. ಅವರ ಪ್ರಶ್ನೆ ಬೇರೆ: "ಮಳೆಗಾಲದಲ್ಲಿ ತಂಪು ಯಾರಿಗೆ ಬೇಕು? ಅವರನ್ನು ಹಿಡಿಯಬೇಕಲ್ಲ."

ಗೇಜ್ ಉಪ್ಪಳ · ಮೇ 13, ರಾತ್ರಿ 10.20

ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ನನಗೆ ಆ ಪ್ರಶ್ನೆ ಹೊಳೆಯಲು ಹತ್ತು ವರ್ಷ ಬೇಕಾಯಿತು.

ಮನುಷ್ಯನಿಗೆ ಮಳೆಗಾಲದಲ್ಲಿ ಎ.ಸಿ. ಬೇಡ. ಹಾಲಿಗೆ ಬೇಕು. ಹಾಲಿನ ಸೊಸೈಟಿಯ ಬಲ್ಕ್ ಕೂಲರಿನಲ್ಲಿ ಹಾಲು 4 ಡಿಗ್ರಿಗೆ ಬರದಿದ್ದರೆ ಅಷ್ಟೂ ಹಾಲು ಹಾಳು. ಔಷಧಿ ಅಂಗಡಿಯ ಇನ್ಸುಲಿನ್‌ಗೆ, ಆರೋಗ್ಯ ಕೇಂದ್ರದ ಲಸಿಕೆಗೆ 2ರಿಂದ 8 ಡಿಗ್ರಿ ಬೇಕು, ಹೊರಗೆ ಎಷ್ಟು ಮಳೆ ಬಂದರೂ. ಬೇಕರಿಯ ಕೌಂಟರು, ಕೋಳಿ ಅಂಗಡಿಯ ಡೀಪ್ ಫ್ರೀಜರು, ಹೋಟೆಲಿನ ಫ್ರಿಜ್ಜು, ಮೀನಿನ ಲಾರಿ, ಶವಾಗಾರ. ಇವರು ಯಾರೂ ರೇಟಿಗೆ ಚೌಕಾಸಿ ಮಾಡುವುದಿಲ್ಲ, ಬೇಗ ಬಾ ಎಂದು ಮಾತ್ರ ಹೇಳುತ್ತಾರೆ. ಇದಕ್ಕೆ ಎ.ಸಿ. ಕಲಿತದ್ದು ಸಾಲದು. ಎಕ್ಸ್‌ಪಾನ್ಶನ್ ವಾಲ್ವು, ಡಿಫ್ರಾಸ್ಟ್ ಟೈಮರು, ತ್ರೀ ಫೇಸ್ ಮೋಟಾರು ಎಲ್ಲ ಗೊತ್ತಿರಬೇಕು. ನಾನು ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಕಳೆದ ಜುಲೈಯ 11,000ದಲ್ಲಿ 7,000 ಅದರಿಂದಲೇ ಬಂದದ್ದು. ಹದಿನೆಂಟರಲ್ಲಿ ಶುರುಮಾಡಿದವನಿಗೆ ಅದು ಎಷ್ಟಾಗಬಹುದು ನೋಡಿ.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಸುಟ್ಟ ಪಿಸಿಬಿಗಳದ್ದು, ಅಂದರೆ ಎಲೆಕ್ಟ್ರಾನಿಕ್ ಬೋರ್ಡುಗಳದ್ದು, ಇನ್ನೊಂದು ದಾರಿ. ಇನ್ವರ್ಟರ್ ಎ.ಸಿ.ಯ ಬೋರ್ಡು ಹೊಸದು ಹಾಕಿದರೆ 8,000, 10,000 ಆಗುತ್ತದೆ. ರಿಪೇರಿ ಮಾಡುವವರು 2,500ರಲ್ಲಿ ಮುಗಿಸುತ್ತಾರೆ, ಮನೆಯಲ್ಲೇ ಕುಳಿತು, ಮಳೆಯಲ್ಲಿ ನೆನೆಯದೆ. ನನ್ನ ಕಣ್ಣಿಗೆ ಈಗ ಆ ಸಣ್ಣ ಸೋಲ್ಡರ್ ಆಗುವುದಿಲ್ಲ, ಬೇರೆಯವರಿಗೆ ಕೊಡುತ್ತೇನೆ.

ಐಸ್ ಪ್ಲಾಂಟ್ ಮಂಜೇಶ್ವರ · ಮೇ 14, ಬೆಳಿಗ್ಗೆ 5.40

ನೈಟ್ ಶಿಫ್ಟ್ ಮುಗಿಸಿ ಬರೆಯುತ್ತಿದ್ದೇನೆ. ಐಸ್ ಪ್ಲಾಂಟಿನಲ್ಲಿ ಆಪರೇಟರ್, ತಿಂಗಳಿಗೆ 24,000. ಇಲ್ಲಿ ಗ್ಯಾಸ್ ಅಮೋನಿಯಾ. ಉಪ್ಪುನೀರಿನ ತೊಟ್ಟಿಯಲ್ಲಿ ತಗಡಿನ ಕ್ಯಾನು ಇಳಿಸಿ ಐಸ್ ಮಾಡುವುದು. ಅಮೋನಿಯಾ ಸ್ವಲ್ಪ ಲೀಕಾದರೂ ಕಣ್ಣು ಮೂಗು ಉರಿದು ಗೊತ್ತಾಗುತ್ತದೆ, ಹೆಚ್ಚಾದರೆ ಜೀವಕ್ಕೇ ಅಪಾಯ. ಮಾಸ್ಕ್ ಎಲ್ಲಿದೆ, ಯಾವ ವಾಲ್ವು ಮೊದಲು ಮುಚ್ಚಬೇಕು ಎಂದು ಕಣ್ಣು ಮುಚ್ಚಿ ಹೇಳಲು ಬರಬೇಕು. ಇದನ್ನು ಬಲ್ಲವರು ಕಮ್ಮಿ, ಹಾಗಾಗಿ ಕೆಲಸ ಸಿಗುತ್ತದೆ. ಆದರೆ ನಮಗೂ ಮಳೆಗಾಲ ಖಾಲಿ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಟ್ರಾಲಿಂಗ್ (ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಬೋಟು ಇಳಿಯದಿದ್ದರೆ ಐಸ್ ಯಾರಿಗೆ? ಆ ದಿನಗಳಲ್ಲಿ ಕಂಪ್ರೆಸರ್ ಬಿಚ್ಚಿ ಓವರ್‌ಹಾಲ್ ಮಾಡುತ್ತೇವೆ, ಪೂರ್ತಿ ಸಂಬಳ ಕೊಡುವ ಧಣಿ ಸಿಕ್ಕಿದ್ದು ನನ್ನ ಪುಣ್ಯ. ಎಲ್ಲ ಕಡೆ ಹಾಗಿಲ್ಲ.

ಐಟಿಐ ಮೇಷ್ಟ್ರು · ಮೇ 14, ಸಂಜೆ 6.30

ಈ ಟ್ರೇಡನ್ನು ಕಲಿಸಿ ನಿವೃತ್ತನಾದವ. ಓದುತ್ತಿದ್ದೆ, ನನ್ನ ಕಡೆಯಿಂದ ಒಂದೆರಡು ವಿಷಯ.

ಐಟಿಐಯಲ್ಲಿ ಇದು ಎರಡು ವರ್ಷದ ಟ್ರೇಡು, ಹತ್ತು ಪಾಸಾದರೆ ಸಾಕು. ಅರ್ಜಿ ಹಾಕುವಾಗ ಯಾವ ಐಟಿಐಯಲ್ಲಿ ಈ ಟ್ರೇಡ್ ಉಂಟು, ಅದಕ್ಕೆ ಕೇಂದ್ರ ಸರಕಾರದ ಮಾನ್ಯತೆ ಉಂಟೇ ಎಂದು ನೋಡಿಕೊಳ್ಳಿ. ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್ ಮಾಡಲಿ, ಪೆರ್ಲದ ಹುಡುಗನ ಹಾಗೆ. ಆ ವರ್ಷ ದುಡ್ಡು ಕಮ್ಮಿ, ಆದರೆ ರೈಲ್ವೆಯವರು ಟೆಕ್ನಿಷಿಯನ್ ಗ್ರೇಡ್-3 ಹುದ್ದೆಗೆ ಕರೆದಾಗ ಈ ಟ್ರೇಡಿನವರೂ ಅರ್ಜಿ ಹಾಕಬಹುದು. ಎ.ಸಿ. ಬೋಗಿಗಳನ್ನು ನೋಡಿಕೊಳ್ಳಲು ಜನ ಬೇಕಲ್ಲ. ಅಲ್ಲಿ ಲೆವೆಲ್ 2, ಮೂಲವೇತನ 19,900, ಅದರ ಮೇಲೆ ಡಿ.ಎ., ಎಚ್‌ಆರ್‌ಎ. ಜುಲೈಯಲ್ಲೂ ಬರುವ ಸಂಬಳ. ಕೆಲಸದಲ್ಲೇ ಕಲಿತು ಸರ್ಟಿಫಿಕೇಟು ಇಲ್ಲದ ಅಣ್ಣಂದಿರಿಗೆ ಆರ್‌ಪಿಎಲ್ ಎಂಬ ದಾರಿ ಉಂಟು, ಗೊತ್ತಿದ್ದ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುತ್ತಾರೆ.

ಇನ್ನು ಗ್ಯಾಸಿನ ವಿಷಯ. ನಾನು ಕಲಿಸಲು ಶುರುಮಾಡಿದಾಗ ಎಲ್ಲ ಕಡೆ ಆರ್22 ಎಂಬ ಗ್ಯಾಸ್. ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು 2030ರ ಹೊತ್ತಿಗೆ ಕೈಬಿಡುತ್ತಾ ಬರುತ್ತಿದ್ದೇವೆ. ಈಗಿನ ಮನೆ ಎ.ಸಿ.ಗಳಲ್ಲಿ ಹೆಚ್ಚಿನವು ಆರ್32. ಅದರ ಒತ್ತಡ ಆರ್22ಕ್ಕಿಂತ ಒಂದೂವರೆ ಪಟ್ಟಿನಷ್ಟು, ಹಳೆಯ ಗೇಜು ಹೋಸು ನಡೆಯುವುದಿಲ್ಲ. ಮೇಲಾಗಿ ಅದಕ್ಕೆ ಸ್ವಲ್ಪ ಬೆಂಕಿ ಹಿಡಿಯುವ ಗುಣ ಉಂಟು. ಕೆಲವು ಎ.ಸಿ.ಗಳಲ್ಲಿ ಆರ್290, ಅಂದರೆ ಪ್ರೊಪೇನ್. ಹೊಸ ಫ್ರಿಜ್ಜುಗಳಲ್ಲಿ ಆರ್600ಎ, ಅಂದರೆ ಐಸೋಬ್ಯೂಟೇನ್. ಇವೆರಡು ಅಡುಗೆ ಗ್ಯಾಸಿನ ನಂಟರು. ಗ್ಯಾಸ್ ಪೂರ್ತಿ ತೆಗೆಯದೆ, ಕಿಟಕಿ ತೆರೆಯದೆ ಬ್ರೇಜಿಂಗ್ ಟಾರ್ಚು ಹಚ್ಚಿದರೆ ಬೆಂಕಿ ಮುಖಕ್ಕೇ ಬರುತ್ತದೆ. ಭೂಮಿಯ ಬಿಸಿ ಏರಿಸುವ ಗ್ಯಾಸುಗಳನ್ನು ಕಮ್ಮಿ ಮಾಡುವ, ಅದೇ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನೂ ಭಾರತ 2021ರಲ್ಲಿ ಒಪ್ಪಿದೆ, ಹಾಗಾಗಿ ಗ್ಯಾಸುಗಳು ಇನ್ನೂ ಬದಲಾಗುತ್ತವೆ. ಬದಲಾದಾಗಲೆಲ್ಲ ಹೊಸದು ಕಲಿತವನ ರೇಟು ಏರುತ್ತದೆ, ಕಲಿಯದವನು ವಾಟರ್ ಸರ್ವಿಸಿಗೇ ಸೀಮಿತನಾಗುತ್ತಾನೆ. ನನ್ನ ಶಿಷ್ಯರಲ್ಲಿ ಎರಡೂ ನೋಡಿದ್ದೇನೆ.

ಕೊನೆಯದ್ದನ್ನು ದಯವಿಟ್ಟು ತಮ್ಮನಿಗೆ ಓದಿ ಹೇಳಿ. ಲೀಕ್ ನೋಡಲು ಪೈಪಿಗೆ ಒತ್ತಡ ಹಾಕುವಾಗ ನೈಟ್ರೋಜನ್ ಮಾತ್ರ. ಸಿಲಿಂಡರ್ ಕೈಗೆ ಸಿಗಲಿಲ್ಲ ಎಂದು ಆಕ್ಸಿಜನ್ ಹಾಕುವವರಿದ್ದಾರೆ. ಕಂಪ್ರೆಸರಿನೊಳಗೆ ಎಣ್ಣೆ ಇರುತ್ತದೆ, ಒತ್ತಡದ ಆಕ್ಸಿಜನ್ ಅದಕ್ಕೆ ತಾಗಿದರೆ ಬಾಂಬಿನ ಹಾಗೆ ಸಿಡಿಯುತ್ತದೆ. ಹೇಳುವವರು ಎಷ್ಟು ದೊಡ್ಡ ಮೇಸ್ತ್ರಿಯಾದರೂ ಒಪ್ಪಬಾರದು, ಕೆಲಸ ಬಿಟ್ಟು ಬರಬೇಕು.

ಪೆರ್ಲದ ಅಪ್ರೆಂಟಿಸ್ · ಮೇ 14, ರಾತ್ರಿ 9.05

ಮೇಷ್ಟ್ರೇ, ನಿಮ್ಮ ಕೈಕೆಳಗೆ ಕಲಿಯುವ ಭಾಗ್ಯ ನನಗೆ ಸಿಗಲಿಲ್ಲ. ಆಕ್ಸಿಜನ್ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಎಲ್ಲಿ ಎಂದು ಹೇಳುವುದಿಲ್ಲ. ನಾಳೆಯಿಂದ ಅಲ್ಲಿ ನಿಲ್ಲುವುದಿಲ್ಲ.

ತಮ್ಮನಿಗೆ ಒಂದು ಮಾತು: ಪಾಠದ ಪುಸ್ತಕ ಇಂಗ್ಲಿಷಿನಲ್ಲಿ, ಮಾತು ಮಲಯಾಳದಲ್ಲಿ, ಗಿರಾಕಿ ತುಳು, ಬ್ಯಾರಿ, ಕನ್ನಡ ಎಲ್ಲ. ಮೊದಲ ಆರು ತಿಂಗಳು ತಲೆ ತಿರುಗುತ್ತದೆ. ನಾನು ಒಂದು ಪುಸ್ತಕದಲ್ಲಿ ಎಡಗಡೆ ಇಂಗ್ಲಿಷ್ ಶಬ್ದ, ಬಲಗಡೆ ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಬರೆದುಕೊಂಡೆ. ಕಂಡೆನ್ಸರ್: ಬಿಸಿಯನ್ನು ಹೊರಗೆ ಬಿಡುವುದು. ಇವ್ಯಾಪರೇಟರ್: ಒಳಗಿನ ಬಿಸಿಯನ್ನು ಹೀರುವುದು. ಬೇಕಾದರೆ ಫೋಟೋ ತೆಗೆದು ಕಳಿಸುತ್ತೇನೆ.

ಗೇಜ್ ಉಪ್ಪಳ · ಮೇ 14, ರಾತ್ರಿ 11.15

ಅಕ್ಕ, ಸೀಸನ್ ಇನ್ನು ಎರಡು ವಾರ ಇರಬಹುದು. ಶನಿವಾರ ತಮ್ಮನನ್ನು ನನ್ನ ಜತೆ ಕಳಿಸಿ, ಒಂದು ದಿನ ನೋಡಲಿ. ಅವನಿಗೂ ಇಷ್ಟವಾದರೆ ಐಟಿಐ ಅರ್ಜಿ ಹಾಕಿ. ಆಗದಿದ್ದರೆ ಬಿ.ಕಾಂ. ಎಲ್ಲಿಗೂ ಹೋಗುವುದಿಲ್ಲ.

ಬದಿಯಡ್ಕದ ಅಕ್ಕ · ಮೇ 17, ಬೆಳಿಗ್ಗೆ 10.30

ನಿನ್ನೆ ಕಳಿಸಿದ್ದೆವು. ರಾತ್ರಿ ಎಂಟೂವರೆಗೆ ಬಂದ. ಅಂಗಿ ಇಡೀ ಕೆಸರು, ಬೆರಳ ತುದಿಗಳಲ್ಲಿ ಫಿನ್ನು ಗೀರಿದ ಗೆರೆಗಳು. ಬಾಚಣಿಗೆಯ ಹಾಗಿರುವ ಒಂದು ಸಾಧನದಲ್ಲಿ ಬಗ್ಗಿದ ಫಿನ್ನುಗಳನ್ನು ಒಂದೊಂದಾಗಿ ನೇರ ಮಾಡುವ ಕೆಲಸ ಕೊಟ್ಟಿದ್ದರಂತೆ, ಮುಕ್ಕಾಲು ಗಂಟೆ. "ಅದರೊಳಗೆ ಗಾಳಿ ಹೋಗದಿದ್ದರೆ ಕರೆಂಟು ಬಿಲ್ಲು ಏರುತ್ತದೆ ಅಕ್ಕ" ಎಂದು ನನಗೇ ಪಾಠ ಮಾಡಿದ. ಊಟ ಮಾಡುತ್ತಾ ಅಪ್ಪ ಏನೂ ಮಾತಾಡಲಿಲ್ಲ. ಎದ್ದು ಹೋಗಿ ತೋಟದ ಲೆಕ್ಕ ಬರೆಯುವ ಹಳೆಯ ಡೈರಿಗಳಲ್ಲಿ ಖಾಲಿ ಇದ್ದ ಒಂದನ್ನು ತಂದು ಅವನ ಮುಂದೆ ಇಟ್ಟರು. ಅವನು ಮೊದಲ ಪುಟದಲ್ಲಿ ಬರೆದದ್ದು: "ಮೇ 16, ಶನಿವಾರ. ಬಂದದ್ದು 500."

ಅಣ್ಣ, ನೀವು 500 ಕೊಡಬೇಕಾಗಿರಲಿಲ್ಲ. ಅರ್ಜಿ ಹಾಕುತ್ತೇವೆ. ಅಲ್ಲಿಯವರೆಗೆ ವಾರಕ್ಕೆ ಎರಡು ದಿನ ನಿಮ್ಮ ಜತೆ ಬರಬಹುದಾ ಎಂದು ಕೇಳುತ್ತಿದ್ದಾನೆ.

ಗೇಜ್ ಉಪ್ಪಳ · ಮೇ 17, ಮಧ್ಯಾಹ್ನ 2.05

ಬರಲಿ. ಮಂಗಳವಾರ, ಶನಿವಾರ, ಏಳೂವರೆಗೆ ಉಪ್ಪಳ ಬಸ್ ಸ್ಟ್ಯಾಂಡಿನ ಎದುರು. ಶೂ ಹಾಕಿಕೊಂಡು ಬರಬೇಕು, ನಿನ್ನೆಯ ಹಾಗೆ ಚಪ್ಪಲಿಯಲ್ಲಿ ಬಂದರೆ ಏಣಿ ಹತ್ತಿಸುವುದಿಲ್ಲ. ಮತ್ತೆ ಡೈರಿಯಲ್ಲಿ ಬದಿಯಡ್ಕದಿಂದ ಬಂದು ಹೋದ ಬಸ್ ಚಾರ್ಜು ಕಳೆದಿಲ್ಲ. ಅದನ್ನು ಬರೆದು ಉಳಿದದ್ದು ಎಷ್ಟು ಎಂದು ಅವನ ಕೈಯಲ್ಲೇ ಹೇಳಿಸಿ.